ಸಂಜೆ ಆರರಿಂದ ರಾತ್ರಿ ಹತ್ತರವರೆಗೆ: ಚೇಳನ್ನೂರು ಹಾಸ್ಟೆಲ್ ಪ್ರಕರಣದ ಒಂದು ಅಧ್ಯಯನ

2019ರ ಸೆಪ್ಟೆಂಬರ್ 19ರಂದು ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಪಿ.ವಿ. ಆಶಾ ಅವರು, ಹಾಸ್ಟೆಲ್‌ನಿಂದ ಹೊರಹಾಕಲ್ಪಟ್ಟಿದ್ದ ಒಬ್ಬ ಪದವಿ ವಿದ್ಯಾರ್ಥಿನಿಯನ್ನು ತಡಮಾಡದೆ ಮರಳಿ ಸೇರಿಸಿಕೊಳ್ಳಬೇಕೆಂದು ಕಾಲೇಜೊಂದಕ್ಕೆ ಆದೇಶಿಸಿದರು. ಮರುದಿನದ ಪತ್ರಿಕೆಗಳಲ್ಲಿ ಈ ತೀರ್ಪು ಇಂಟರ್ನೆಟ್ ಬಳಕೆಯನ್ನು ಮೂಲಭೂತ ಹಕ್ಕೆಂದು ಮಾನ್ಯ ಮಾಡಿದ ತೀರ್ಪಾಗಿ ಸುದ್ದಿಯಾಯಿತು. ಕಾನೂನು ತರಗತಿಗಳಲ್ಲಿ ಇಂದಿಗೂ ಅದನ್ನು ಉಲ್ಲೇಖಿಸುವುದು ಹಾಗೆಯೇ. ಆ ವಿವರಣೆ ತಪ್ಪಲ್ಲ, ಆದರೆ ಸಾಲದು. ಪ್ರಕರಣದ ಘಟನಾವಳಿಯನ್ನು ಮೊದಲಿನಿಂದ ಓದುತ್ತ ಹೋದರೆ, ಅದರ ನಡುವೆ ಇರುವುದು ಫೋನಿಗಿಂತ ಮಿಗಿಲಾಗಿ ಹಾಸ್ಟೆಲ್ಲಿನ ಒಂದು ಕೋಣೆ. ಹದಿನೆಂಟು ತುಂಬಿದವರ ಓದಿನ ಹೊತ್ತನ್ನು ಯಾರು ನಿರ್ಧರಿಸಬೇಕು, ಆ ನಿರ್ಧಾರವನ್ನು ಒಪ್ಪದವರ ಕೋಣೆಯನ್ನು ಕಸಿದುಕೊಳ್ಳಬಹುದೇ ಎಂಬ ಪ್ರಶ್ನೆಗಳು ನಮ್ಮ ವಿದ್ಯಾರ್ಥಿನಿಲಯಗಳ ಇಡೀ ಚರಿತ್ರೆಯನ್ನೇ ತಟ್ಟುತ್ತವೆ. ಅದಕ್ಕಾಗಿ ಇಲ್ಲಿ ಈ ಪ್ರಕರಣವನ್ನು ಹಾಸ್ಟೆಲ್ ನಿಯಮಗಳ ಪ್ರಕರಣವೆಂದೇ ಓದಲಾಗಿದೆ.

ಕಲ್ಲಿಕೋಟೆ ಜಿಲ್ಲೆಯ ಚೇಳನ್ನೂರಿನಲ್ಲಿರುವ ಶ್ರೀ ನಾರಾಯಣ ಗುರು ಕಾಲೇಜು ಕಲ್ಲಿಕೋಟೆ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಅನುದಾನಿತ ಸಂಸ್ಥೆ. ಅರ್ಜಿದಾರ ವಿದ್ಯಾರ್ಥಿನಿ ಅಲ್ಲಿ ಬಿ.ಎ. ಪದವಿಯ ಮೂರನೆಯ ಸೆಮಿಸ್ಟರಿನಲ್ಲಿದ್ದು, ಕಾಲೇಜೇ ನಡೆಸುವ ಮಹಿಳಾ ಹಾಸ್ಟೆಲ್‌ನಲ್ಲಿ ವಾಸಿಸುತ್ತಿದ್ದಳು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೊಬೈಲ್ ಫೋನ್ ಬಳಸಬಾರದೆಂಬ ನಿಯಮ ಮೊದಲೇ ಜಾರಿಯಲ್ಲಿತ್ತು. ಪದವಿ ತರಗತಿಯವರು ಲ್ಯಾಪ್‌ಟಾಪ್ ಇಟ್ಟುಕೊಳ್ಳುವುದಕ್ಕೂ ಅವಕಾಶವಿರಲಿಲ್ಲ. 2019ರ ಜೂನ್ 24ರಿಂದ ಈ ಹೊತ್ತು ಬದಲಾಯಿತು. ಸಂಜೆ ಆರರಿಂದ ರಾತ್ರಿ ಹತ್ತರವರೆಗಿನ ಅವಧಿಯನ್ನು ಓದಿನ ಸಮಯವೆಂದು ಗೊತ್ತುಪಡಿಸಿ, ಆ ನಾಲ್ಕು ಗಂಟೆಗಳ ಕಾಲ ಎಲ್ಲರೂ ಫೋನನ್ನು ಒಪ್ಪಿಸಬೇಕೆಂದು ಹೇಳಲಾಯಿತು.

ಮೇಲುನೋಟಕ್ಕೆ ಇದು ಸಣ್ಣ ಬದಲಾವಣೆ. ನಿದ್ದೆಯ ಹೊತ್ತಿನಲ್ಲಿ ಫೋನ್ ಬೇಡವೆನ್ನುವ ನಿಯಮಕ್ಕೆ ಪಕ್ಕದ ಹಾಸಿಗೆಯವಳ ನೆಮ್ಮದಿಯ ಕಾರಣವನ್ನಾದರೂ ಕೊಡಬಹುದಿತ್ತು. ಓದಿನ ಹೊತ್ತಿನಲ್ಲಿ ಫೋನ್ ಬೇಡವೆನ್ನುವ ನಿಯಮ ಬೇರೆ ಜಾತಿಯದು. ಫೋನಿಲ್ಲದೆ ಓದುವುದೇ ಸರಿಯಾದ ಓದು ಎಂಬ ತೀರ್ಮಾನ ಅದರೊಳಗಿದೆ, ಮತ್ತು ಆ ತೀರ್ಮಾನ ಮಾಡಿದವರು ಓದಬೇಕಾದವರಲ್ಲ. ದಿನವೆಲ್ಲ ತರಗತಿಯಲ್ಲಿದ್ದು ಸಂಜೆ ಹಾಸ್ಟೆಲ್‌ಗೆ ಮರಳುವವರಿಗೆ ಅಂತರಜಾಲದಿಂದ ಟಿಪ್ಪಣಿ ಹುಡುಕಲು, ಪಾಠದ ವಿಡಿಯೊ ನೋಡಲು, ಮನೆಯವರೊಂದಿಗೆ ಮಾತನಾಡಲು ಸಿಗುವ ಹೊತ್ತೂ ಅದೇ. ಲ್ಯಾಪ್‌ಟಾಪ್ ಕೂಡ ಇಲ್ಲದ ಹಾಸ್ಟೆಲ್‌ನಲ್ಲಿ ಫೋನ್ ಹೋದರೆ ಉಳಿಯುವುದು ಕೈಯಲ್ಲಿರುವ ಪುಸ್ತಕಗಳು ಮಾತ್ರ.

ವಿದ್ಯಾರ್ಥಿನಿ ಮತ್ತು ಕೆಲವು ಸಂಗಾತಿಗಳು ತಮ್ಮ ತೊಂದರೆಯನ್ನು ಹಾಸ್ಟೆಲ್ಲಿನ ಉಸ್ತುವಾರಿಯವರ ಮುಂದೆ ಹೇಳಿಕೊಂಡರು, ನಿಯಮ ಸಡಿಲವಾಗಲಿಲ್ಲ. ನಿಯಮ ಪಾಲಿಸದವರು ಹಾಸ್ಟೆಲ್ ತೆರವು ಮಾಡಬೇಕೆಂಬ ಸೂಚನೆ ವಾಟ್ಸಾಪ್ ಮೂಲಕ ಬಂದಿತು. ಪೋಷಕರನ್ನು ಕರೆಸಲಾಯಿತು. ನಿಯಮಕ್ಕೆ ಬದ್ಧರೆಂದು ಬರೆದುಕೊಡಲು ಕೇಳಿದಾಗ ಉಳಿದವರೆಲ್ಲ ಒಪ್ಪಿದರು, ಈಕೆ ಒಪ್ಪಲಿಲ್ಲ. ಜುಲೈ ಮೊದಲ ವಾರದಲ್ಲಿ ಹಾಸ್ಟೆಲ್ ಬಿಡುವಂತೆ ಆಕೆಗೆ ತಿಳಿಸಲಾಯಿತು. ಮನೆ ಸುಮಾರು 150 ಕಿಲೋಮೀಟರ್ ದೂರದಲ್ಲಿದ್ದುದರಿಂದ ಆಕೆ ರಜೆ ಕೇಳಬೇಕಾಯಿತು. ಆಮೇಲೆ ಸಾಮಾನು ತೆಗೆದುಕೊಂಡು ಹೋಗಲು ಬಂದಾಗ ಕೋಣೆಗೆ ಬೀಗ ಬಿದ್ದಿತ್ತು. ಇದಾದ ಮೇಲೆಯೇ ಆಕೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನ ಮೊರೆ ಹೋದದ್ದು.

ಆ 150 ಕಿಲೋಮೀಟರ್ ದೂರವನ್ನು ಈ ಪ್ರಕರಣ ಓದುವವರು ಮರೆಯಬಾರದು. ಕಾಲೇಜು ಆಕೆಯನ್ನು ತರಗತಿಯಿಂದ ಹೊರಹಾಕಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಹಾಗೆಯೇ ಇತ್ತು. ಆದರೆ ದಿನಾ ಅಷ್ಟು ದೂರ ಓಡಾಡಿ ಪದವಿ ಮುಗಿಸುವುದು ಯಾರಿಂದಲೂ ಆಗದ ಕೆಲಸ. ಖಾಸಗಿ ಪಿಜಿಯಲ್ಲಿ ಇರಲು ಬೇಕಾದ ಹಣ ಎಲ್ಲ ಮನೆಗಳಲ್ಲಿ ಇರುವುದಿಲ್ಲ, ಹಣವಿದ್ದರೂ ಮಗಳನ್ನು ಹಾಗೆ ಇರಿಸಲು ಎಲ್ಲ ಮನೆಗಳೂ ಒಪ್ಪುವುದಿಲ್ಲ. ಹಾಸ್ಟೆಲ್ಲಿನ ಕೋಣೆ ಹೋದರೆ ಕಾಲೇಜಿನ ಸೀಟು ಕಾಗದದ ಮೇಲಷ್ಟೇ ಉಳಿಯುತ್ತದೆ. ಆದ್ದರಿಂದ ಕಾಲೇಜಿನಿಂದ ಹೊರಹಾಕುವ ಕ್ರಮಕ್ಕೆ ನಾವು ಎಷ್ಟು ಕಟ್ಟುನಿಟ್ಟಿನ ಕಾರಣ, ಎಷ್ಟು ನ್ಯಾಯವಾದ ವಿಚಾರಣೆಯನ್ನು ಬಯಸುತ್ತೇವೆಯೋ, ಹಾಸ್ಟೆಲ್‌ನಿಂದ ಹೊರಹಾಕುವುದಕ್ಕೂ ಅಷ್ಟನ್ನೇ ಬಯಸಬೇಕು ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಕನ್ನಡದ ಓದುಗರಿಗೆ ಈ ಮಾತು ಹೊಸದಾಗಿ ಹೇಳಬೇಕಾದದ್ದಲ್ಲ. ಇಲ್ಲಿನ ಹಳ್ಳಿಯ ಮಕ್ಕಳು ಪಟ್ಟಣದ ಶಾಲೆಗೆ ಬಂದ ಮೊದಲ ತಲೆಮಾರುಗಳಲ್ಲಿ ಅನೇಕರು ವಾರಾನ್ನದ ಮೇಲೆ ಓದಿದರು; ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ ಎಂದು ಊಟಕ್ಕೆ ಅಲೆಯುವ ಆ ವ್ಯವಸ್ಥೆ ಜಾತಿಯ ಗೆರೆಯೊಳಗೆ ಇದ್ದವರಿಗಷ್ಟೇ ಒದಗಿತು. ಗೆರೆಯ ಹೊರಗಿದ್ದವರಿಗೆ ಓದಿನ ಬಾಗಿಲು ತೆರೆದದ್ದು ವಿದ್ಯಾರ್ಥಿನಿಲಯಗಳು. ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಮೊದಲುಗೊಂಡು ಮರಾಠ, ಜೈನ, ಮುಸ್ಲಿಂ, ಲಿಂಗಾಯತ, ಅಸ್ಪೃಶ್ಯ ಸಮುದಾಯಗಳ ವಿದ್ಯಾರ್ಥಿಗಳಿಗೆ ಬೋರ್ಡಿಂಗ್‌ಗಳು ಹುಟ್ಟಲು ಆಸರೆಯಾದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆಯ ಜೊತೆಗೆ ವಸತಿಯ ಏರ್ಪಾಡನ್ನೂ ಮಾಡಿದರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಅನ್ನ, ಅಕ್ಷರ, ಆಶ್ರಯ ಒಂದೇ ಆವರಣದಲ್ಲಿ ಸಿಕ್ಕಿದ್ದರಿಂದಲೇ ಸಾವಿರಾರು ಮನೆಗಳ ಮೊದಲ ಪದವೀಧರರು ಹೊರಬಂದರು. ಈ ಸಂಸ್ಥೆಗಳಲ್ಲಿಯೂ ಶಿಸ್ತಿತ್ತು, ಬೆಳಗಿನ ಪ್ರಾರ್ಥನೆಯಿತ್ತು, ಕೆಲಸದ ಪಾಳಿಯಿತ್ತು. ಆದರೆ ಅವು ಇದ್ದದ್ದು ಮಕ್ಕಳನ್ನು ಒಳಗೆ ತರಲು. ಚೇಳನ್ನೂರಿನ ಕಾಲೇಜು ಹೊತ್ತಿರುವ ಹೆಸರು ಇದೇ ಕಾಲದ್ದು; ವಿದ್ಯೆಯಿಂದಲೇ ಬಿಡುಗಡೆ ಎಂದು ಸಾರಿದ ನಾರಾಯಣ ಗುರುಗಳದ್ದು.

ಹಾಸ್ಟೆಲ್ ನಿಯಮಗಳಿಗೆ ಇನ್ನೊಂದು ವಂಶಾವಳಿಯೂ ಇದೆ. ಕಾಲೇಜು ವಿದ್ಯಾರ್ಥಿಯ ತಂದೆತಾಯಿಯ ಸ್ಥಾನದಲ್ಲಿ ನಿಲ್ಲುತ್ತದೆ, ಆದ್ದರಿಂದ ತಂದೆತಾಯಿ ವಿಧಿಸಬಹುದಾದ ಯಾವ ನಿಯಮವನ್ನಾದರೂ ಅದು ವಿಧಿಸಬಹುದು ಎಂಬ ಸಿದ್ಧಾಂತ ಇಂಗ್ಲೆಂಡಿನ ಕಾನೂನಿನಿಂದ ಹೊರಟು ಅಮೆರಿಕದಲ್ಲಿ ಬಲವಾಗಿ ಬೇರೂರಿತು. ಇದರ ಪ್ರಸಿದ್ಧ ನಿದರ್ಶನ ಕೆಂಟಕಿಯ ಬರಿಯಾ ಕಾಲೇಜಿನದು. ಕಾಲೇಜಿನ ಹಿಡಿತದಲ್ಲಿಲ್ಲದ ಉಪಾಹಾರಗೃಹಗಳಿಗೆ ವಿದ್ಯಾರ್ಥಿಗಳು ಹೋಗಬಾರದು, ಹೋದವರನ್ನು ಹೊರಹಾಕಲಾಗುವುದು ಎಂದು ಆ ಕಾಲೇಜು ನಿಯಮ ಮಾಡಿತ್ತು. ಎದುರಿಗೇ ಹೋಟೆಲ್ ಇಟ್ಟುಕೊಂಡಿದ್ದ ವ್ಯಾಪಾರಿಯೊಬ್ಬ ನಷ್ಟವಾಯಿತೆಂದು ದಾವೆ ಹೂಡಿ ಸೋತ. 1913ರ ಆ ತೀರ್ಪು, ವಿದ್ಯಾರ್ಥಿಗಳ ದೈಹಿಕ ಮತ್ತು ನೈತಿಕ ಒಳಿತಿನ ವಿಷಯದಲ್ಲಿ ಕಾಲೇಜಿನವರು ಪೋಷಕರ ಸ್ಥಾನದಲ್ಲಿದ್ದಾರೆಂದು ಹೇಳಿತು. ದಾವೆ ನಡೆದದ್ದು ವ್ಯಾಪಾರಿಗೂ ಕಾಲೇಜಿಗೂ ನಡುವೆ ಎಂಬುದು ಗಮನಾರ್ಹ. ಯಾರ ಬದುಕಿನ ಬಗ್ಗೆ ತೀರ್ಪಾಯಿತೋ ಆ ವಿದ್ಯಾರ್ಥಿಗಳು ವಾದಿಗಳಾಗಿಯೂ ಇರಲಿಲ್ಲ, ಪ್ರತಿವಾದಿಗಳಾಗಿಯೂ ಇರಲಿಲ್ಲ.

ಈ ಸಿದ್ಧಾಂತ ಅಲ್ಲಿ ಕುಸಿದದ್ದು 1960ರ ದಶಕದಲ್ಲಿ. ವರ್ಣಭೇದದ ವಿರುದ್ಧ ಧರಣಿ ಕುಳಿತ ಕಪ್ಪು ವಿದ್ಯಾರ್ಥಿಗಳನ್ನು ಅಲಬಾಮಾದ ಸರ್ಕಾರಿ ಕಾಲೇಜೊಂದು ವಿಚಾರಣೆಯಿಲ್ಲದೆ ಹೊರಹಾಕಿದಾಗ, ಮೇಲ್ಮನವಿ ನ್ಯಾಯಾಲಯ 1961ರಲ್ಲಿ ಮುನ್ಸೂಚನೆ ಮತ್ತು ವಿಚಾರಣೆ ಎರಡೂ ಕಡ್ಡಾಯವೆಂದಿತು. 1968ರಲ್ಲಿ ನ್ಯೂಯಾರ್ಕಿನ ಬರ್ನಾರ್ಡ್ ಮಹಿಳಾ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ವಸತಿ ನಿಯಮ ಮೀರಿ ಹೊರಗೆ ತನ್ನ ಗೆಳೆಯನೊಂದಿಗೆ ವಾಸವಿದ್ದುದು ಪತ್ರಿಕೆಯ ಮೂಲಕ ಬಯಲಾದಾಗ ದೇಶವೇ ಚರ್ಚೆಗಿಳಿಯಿತು. ಅಧ್ಯಾಪಕರೂ ವಿದ್ಯಾರ್ಥಿನಿಯರೂ ಸೇರಿದ್ದ ಮಂಡಳಿ ಆಕೆಯನ್ನು ಹೊರಹಾಕದೆ, ಕಾಲೇಜಿನ ಕ್ಯಾಂಟೀನ್ ಬಳಸದಂತೆ ಮಾಡುವಷ್ಟಕ್ಕೆ ಶಿಕ್ಷೆಯನ್ನು ನಿಲ್ಲಿಸಿತು. ನಂತರದ ವರ್ಷಗಳಲ್ಲಿ ಅಲ್ಲಿನ ಕಾಲೇಜುಗಳು ರಾತ್ರಿಯ ಗಡುವುಗಳನ್ನು ಒಂದೊಂದಾಗಿ ಕೈಬಿಟ್ಟವು. ಭಾರತದಲ್ಲಿ 61ನೇ ತಿದ್ದುಪಡಿಯಿಂದ ಹದಿನೆಂಟು ವರ್ಷದವರಿಗೆ ಮತದಾನದ ಹಕ್ಕು ಸಿಕ್ಕ ಬಳಿಕವೂ ಮಹಿಳಾ ಹಾಸ್ಟೆಲ್ಲಿನ ಗೇಟು ಮಾತ್ರ ಸಂಜೆಗೇ ಮುಚ್ಚುತ್ತ ಬಂತು.

ಈ ಹಿನ್ನೆಲೆಯಲ್ಲಿ ಅರ್ಜಿದಾರಳ ವಾದವನ್ನು ನೋಡಬೇಕು. ನಿಯಮ ಮಹಿಳಾ ಹಾಸ್ಟೆಲ್‌ಗೆ ಮಾತ್ರ ಅನ್ವಯವಾಗಿದೆ, ಆದ್ದರಿಂದ ಇದು ಲಿಂಗ ತಾರತಮ್ಯ ಎಂದು ಆಕೆಯ ಪರ ವಾದಿಸಲಾಯಿತು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸಮಾನತೆಯನ್ನು ಕುರಿತ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2012ರ ನಿಯಮಾವಳಿಯನ್ನು ಆಧಾರವಾಗಿ ಕೊಡಲಾಯಿತು. ಇಂಟರ್ನೆಟ್ ಬಳಕೆ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ, ಫೋನ್ ಒಪ್ಪಿಸೆನ್ನುವುದು ಖಾಸಗಿತನದ ಮೇಲಿನ ಅತಿಕ್ರಮಣ ಎಂಬುದು ಎರಡನೆಯ ನೆಲೆ. ಇಂಟರ್ನೆಟ್ ಪ್ರಜೆಗಳ ಹಕ್ಕೆಂದು 2017ರಲ್ಲಿ ಸ್ವತಃ ಕೇರಳ ಸರ್ಕಾರವೇ ತನ್ನ ಆಯವ್ಯಯ ಭಾಷಣದಲ್ಲಿ ಘೋಷಿಸಿತ್ತು, ಯುಜಿಸಿ ಕೂಡ ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ವೇದಿಕೆಯ ಆನ್‌ಲೈನ್ ಕೋರ್ಸುಗಳನ್ನು ಪ್ರೋತ್ಸಾಹಿಸುತ್ತಿತ್ತು. ಸರ್ಕಾರ ಪಾಠವನ್ನು ಪರದೆಯ ಮೇಲೆ ತರುತ್ತಿರುವಾಗ ಹಾಸ್ಟೆಲ್ ಆ ಪರದೆಯನ್ನೇ ಕಿತ್ತುಕೊಳ್ಳುವುದು ಹೇಗೆ ಸರಿಯೆಂಬುದು ಈ ವಾದದ ಜೀವಾಳ.

ಕಾಲೇಜಿನ ಪ್ರತಿವಾದವನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಮಕ್ಕಳು ಸಂಜೆಯೆಲ್ಲ ಫೋನಿನಲ್ಲಿ ಮುಳುಗಿರುತ್ತಾರೆಂದು ಪೋಷಕರೇ ದೂರಿದ್ದರು, ಅವರ ಕೋರಿಕೆಯ ಮೇರೆಗೇ ನಿಯಮ ತರಲಾಯಿತು, ಒಬ್ಬಳನ್ನು ಬಿಟ್ಟು ಎಲ್ಲರೂ ಪಾಲಿಸುತ್ತಿದ್ದಾರೆ ಎಂದು ಕಾಲೇಜು ಹೇಳಿತು. ಹಾಸ್ಟೆಲ್ಲಿನ ಶಿಸ್ತಿನ ಹೊಣೆ ಪ್ರಾಂಶುಪಾಲರದು. ಶಿಕ್ಷಣ ಸಂಸ್ಥೆಯ ಆಂತರಿಕ ಶಿಸ್ತಿಗಾಗಿ ವಿದ್ಯಾರ್ಥಿಗಳ ಕೆಲವು ಸ್ವಾತಂತ್ರ್ಯಗಳನ್ನು ಮಿತಿಗೊಳಿಸಬಹುದೆಂಬ ಕೇರಳ ಹೈಕೋರ್ಟಿನ ಹಳೆಯ ತೀರ್ಪುಗಳನ್ನೂ ಅದು ಮುಂದಿಟ್ಟಿತು. ಫೋನಿನ ಗೀಳು ಹುಸಿಯಲ್ಲ. ಮಗಳ ಓದಿನ ಮೇಲೆ ಸಾಲ ಮಾಡಿದ ತಂದೆಯ ಆತಂಕವೂ ಹುಸಿಯಲ್ಲ. ನೂರಾರು ಹುಡುಗಿಯರ ಕ್ಷೇಮಕ್ಕೆ ಒಬ್ಬಳೇ ವಾರ್ಡನ್ ಉತ್ತರ ಕೊಡಬೇಕಾದ ಕಡೆ ಕಟ್ಟಳೆ ಬಿಗಿಯಾಗುತ್ತ ಹೋಗುವುದು ಸಹಜ. ಏನಾದರೂ ಆದರೆ ಮೊದಲು ದೂಷಣೆಗೆ ಒಳಗಾಗುವವಳು ಅವಳೇ.

ಹೀಗಿದ್ದೂ ನ್ಯಾಯಾಲಯ ಕಾಲೇಜಿನ ವಾದವನ್ನು ಒಪ್ಪಲಿಲ್ಲ, ಮತ್ತು ಒಪ್ಪದಿರಲು ಕೊಟ್ಟ ಕಾರಣಗಳಲ್ಲಿ ಈ ತೀರ್ಪಿನ ನಿಜವಾದ ಬೆಲೆಯಿದೆ. ಉಳಿದ ವಿದ್ಯಾರ್ಥಿನಿಯರಾಗಲಿ ಪೋಷಕರಾಗಲಿ ಆಕ್ಷೇಪಿಸಲಿಲ್ಲ, ಎಲ್ಲರೂ ಪಾಲಿಸಿದರು ಎಂಬ ಕಾರಣಕ್ಕೆ ಕಾನೂನುಬಾಹಿರವಾದ ನಿರ್ಬಂಧ ಕಾನೂನುಬದ್ಧವಾಗುವುದಿಲ್ಲ ಎಂದು ನ್ಯಾಯಮೂರ್ತಿಗಳು ಸ್ಪಷ್ಟವಾಗಿ ಹೇಳಿದರು. ಹಾಸ್ಟೆಲ್ಲಿನಂತಹ ಜಾಗದಲ್ಲಿ ಈ ಮಾತಿಗೆ ಬಹಳ ತೂಕವಿದೆ. ಅಲ್ಲಿ ಬರೆದುಕೊಟ್ಟ ಒಪ್ಪಿಗೆಯ ಹಿಂದೆ ಕೋಣೆ ಹೋದೀತೆಂಬ ಭಯ ಇದ್ದೇ ಇರುತ್ತದೆ, ಮತ್ತು ಭಯದಿಂದ ಬಂದ ಸಹಿಗಳನ್ನು ಎಷ್ಟು ಕೂಡಿಸಿದರೂ ಅದು ಸಮ್ಮತಿಯಾಗದು. ಕಾಲೇಜು ವಿದ್ಯಾರ್ಥಿಗಳು ವಯಸ್ಕರು, ಯಾವಾಗ ಹೇಗೆ ಓದಬೇಕೆಂದು ನಿರ್ಧರಿಸುವ ಶಕ್ತಿ ಅವರಿಗಿದೆ, ಇತರರಿಗೆ ತೊಂದರೆಯಾಗದಷ್ಟು ಮಟ್ಟಿಗೆ ಓದಿನ ವಿಧಾನವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವರದು ಎಂಬುದು ಎರಡನೆಯ ಕಾರಣ. ಫೋನ್ ಬಳಸಲೇಬೇಕೆಂದಾಗಲಿ ಬಳಸಕೂಡದೆಂದಾಗಲಿ ಯಾರನ್ನೂ ಬಲವಂತಪಡಿಸಬಾರದು, ದುರುಪಯೋಗ ಮಾಡಿಕೊಳ್ಳದಿರುವ ನಿರ್ಧಾರ ವಿದ್ಯಾರ್ಥಿನಿಯದೇ ಆಗಿರಬೇಕು ಎಂದೂ ತೀರ್ಪು ಹೇಳುತ್ತದೆ. ಶಿಸ್ತು ಬೇಕು, ಆದರೆ ಜ್ಞಾನ ಪಡೆಯುವ ದಾರಿಗಳನ್ನು ಮುಚ್ಚಿ ಶಿಸ್ತನ್ನು ತರಲಾಗದು ಎಂಬುದು ಅದರ ಸಾರ. ಆಪ್ತಸಲಹೆಯ ಮೂಲಕ ವಿದ್ಯಾರ್ಥಿಗಳಿಗೆ ತಿಳಿಹೇಳುವ ದಾರಿಯನ್ನೂ ಅದು ತೋರಿಸಿತು.

ಈ ವಿವೇಚನೆಯ ಮೇಲೆ ಸಂವಿಧಾನದ ಕಟ್ಟಡ ನಿಂತಿತು. 2017ರ ಪುಟ್ಟಸ್ವಾಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತ್ತು. (ಆ ಪ್ರಕರಣದ ಅರ್ಜಿದಾರ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರು ಎಂಬುದನ್ನು ಇಲ್ಲಿ ನೆನೆಯಬಹುದು.) ದೇಶದ ಕಾನೂನಿನಲ್ಲಿ ತೆರಪಿದ್ದಾಗ ಅಂತರರಾಷ್ಟ್ರೀಯ ಒಡಂಬಡಿಕೆಗಳನ್ನು ಮೂಲಭೂತ ಹಕ್ಕುಗಳ ಅರ್ಥೈಸುವಿಕೆಗೆ ಬಳಸಬಹುದೆಂಬ ಸರ್ವೋಚ್ಚ ನ್ಯಾಯಾಲಯದ 1997ರ ವಿಶಾಖಾ ತೀರ್ಪಿನ ದಾರಿಯನ್ನು ಹಿಡಿದು, ಇಂಟರ್ನೆಟ್ ಲಭ್ಯತೆಯ ಬಗ್ಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಕೈಗೊಂಡ ನಿರ್ಣಯಗಳನ್ನು ನ್ಯಾಯಮೂರ್ತಿಗಳು ಪರಿಗಣಿಸಿದರು. ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು 21ನೇ ವಿಧಿಯ ಖಾಸಗಿತನದ ಹಕ್ಕಿನ ಭಾಗವೆಂದು ತೀರ್ಮಾನಿಸಿದರು. ಫೋನ್ ಬಳಕೆಯಿಂದ ಇತರ ನಿವಾಸಿಗಳಿಗೆ ತೊಂದರೆಯಾಗಬಾರದೆಂಬ ಷರತ್ತಿನೊಂದಿಗೆ ಮರುಪ್ರವೇಶದ ಆದೇಶ ಹೊರಬಿತ್ತು.

ತೀರ್ಪಿನ ಬಗ್ಗೆ ಒಂದು ಅಸಮಾಧಾನವನ್ನು ದಾಖಲಿಸಬೇಕಿದೆ. ಇಂಟರ್ನೆಟ್ಟಿನ ಹಕ್ಕಿನ ದೊಡ್ಡ ಘೋಷಣೆಯ ಮುಂದೆ ಆಕೆಯನ್ನು ಹೊರಹಾಕಿದ ರೀತಿಯ ಪ್ರಶ್ನೆ ಹಿಂದೆ ಸರಿಯಿತು. ಪ್ರತಿಭಟಿಸಿದವಳ ಕೋಣೆಗೆ ಬೀಗ ಬೀಳುವ ಮೊದಲು ಲಿಖಿತ ಆರೋಪವಿರಬೇಕಿತ್ತೇ, ಉತ್ತರಿಸಲು ಎಷ್ಟು ದಿನ ಕೊಡಬೇಕಿತ್ತು, ವಾರ್ಡನ್ ನಿರ್ಧಾರದ ಮೇಲೆ ಯಾರ ಬಳಿ ಮೇಲ್ಮನವಿ ಹೋಗಬೇಕು ಎಂಬುದನ್ನು ಹಾಸ್ಟೆಲ್ಲುಗಳು ಪಾಲಿಸಲೇಬೇಕಾದ ಕ್ರಮವಾಗಿ ತೀರ್ಪು ಬಿಡಿಸಿ ಹೇಳಿದ್ದರೆ, ಫೋನಿಗೆ ಸಂಬಂಧವೇ ಇಲ್ಲದ ನೂರು ಹಾಸ್ಟೆಲ್ ಜಗಳಗಳಲ್ಲಿ ಅದು ಕೈಗೆ ಸಿಗುವ ಆಯುಧವಾಗುತ್ತಿತ್ತು. ಅಲಬಾಮಾದ ತೀರ್ಪು ಅರವತ್ತು ವರ್ಷಗಳ ಬಳಿಕವೂ ಬಳಕೆಯಲ್ಲಿರುವುದು ಅದು ಧರಣಿಯ ಸರಿತಪ್ಪುಗಳನ್ನು ಅಳೆಯದೆ ವಿಚಾರಣೆಯ ಕ್ರಮವನ್ನು ಹಿಡಿದದ್ದರಿಂದ.

ಚೇಳನ್ನೂರಿನದು ಒಂಟಿ ಪ್ರಕರಣವೂ ಅಲ್ಲ. ಅದೇ ವರ್ಷದ ಮೊದಲಲ್ಲಿ ತ್ರಿಶೂರಿನ ಶ್ರೀ ಕೇರಳ ವರ್ಮ ಕಾಲೇಜಿನ ಮಹಿಳಾ ಹಾಸ್ಟೆಲ್ಲಿನ ನಿಯಮಗಳು ಇದೇ ಹೈಕೋರ್ಟಿನ ಮುಂದೆ ಬಂದಿದ್ದವು. ಸಿನಿಮಾಕ್ಕೆ ಹೋಗುವ ಹೊತ್ತನ್ನು ಕೂಡ ಕಾಲೇಜೇ ಗೊತ್ತುಮಾಡುವ ಕಟ್ಟಳೆಯನ್ನು ನ್ಯಾಯಾಲಯ ತಳ್ಳಿಹಾಕಿ, ಆಡಳಿತದವರ ನೈತಿಕ ಆಯ್ಕೆಯನ್ನು ವಿದ್ಯಾರ್ಥಿನಿಯರ ಮೇಲೆ ಹೇರಲಾಗದೆಂದಿತ್ತು. ದೆಹಲಿಯಲ್ಲಿ 2015ರಲ್ಲಿ ಆರಂಭವಾದ ಪಿಂಜ್ರಾ ತೋಡ್ (ಪಂಜರ ಮುರಿ) ಎಂಬ ವಿದ್ಯಾರ್ಥಿನಿಯರ ಚಳವಳಿ ಹಾಸ್ಟೆಲ್ ಗಡುವುಗಳನ್ನು ಬೀದಿಯ ಪ್ರಶ್ನೆಯನ್ನಾಗಿ ಮಾಡಿತ್ತು. ಸುರಕ್ಷತೆಯ ನೆಪದಲ್ಲಿ ವಿದ್ಯಾರ್ಥಿನಿಯರಿಗೆ ವಿದ್ಯಾರ್ಥಿಗಳಿಗಿಂತ ಬೇರೆಯಾದ ತಾರತಮ್ಯದ ಹಾಸ್ಟೆಲ್ ನಿಯಮಗಳನ್ನು ವಿಧಿಸಬಾರದೆಂದು ಯುಜಿಸಿಯ 2015ರ ನಿಯಮಾವಳಿಯೇ ಹೇಳುತ್ತದೆ. ಅದು ಕೇರಳಕ್ಕೆ ಅನ್ವಯಿಸುವಷ್ಟೇ ಬೆಂಗಳೂರು, ಧಾರವಾಡ, ಕಲಬುರಗಿಗಳಿಗೂ ಅನ್ವಯಿಸುತ್ತದೆ. ಯಾವುದೇ ಕಾಲೇಜಿನ ವಿದ್ಯಾರ್ಥಿನಿ ಅರ್ಜಿಯೊಂದಕ್ಕೆ ಲಗತ್ತಿಸಬಹುದಾದ ಸಾಲು ಅದು.

ತೀರ್ಪು ಬಂದು ನಾಲ್ಕು ತಿಂಗಳೊಳಗೆ, 2020ರ ಜನವರಿಯಲ್ಲಿ, ಕಾಶ್ಮೀರದ ಇಂಟರ್ನೆಟ್ ಸ್ಥಗಿತದ ಬಗೆಗಿನ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಟರ್ನೆಟ್ ಮೂಲಕದ ಅಭಿವ್ಯಕ್ತಿಗೂ ವ್ಯಾಪಾರಕ್ಕೂ ಸಂವಿಧಾನದ ರಕ್ಷಣೆಯಿದೆ ಎಂದಿತು, ಆದರೆ ಇಂಟರ್ನೆಟ್ ಲಭ್ಯತೆಯೇ ಒಂದು ಮೂಲಭೂತ ಹಕ್ಕೇ ಎಂಬ ಪ್ರಶ್ನೆಯನ್ನು ಮುಟ್ಟಲಿಲ್ಲ. ಅಲ್ಲಿಂದ ಕೆಲವೇ ವಾರಗಳಲ್ಲಿ ಕೋವಿಡ್ ಬಂದು ಕಾಲೇಜುಗಳು ಮುಚ್ಚಿದವು. ತರಗತಿಯೂ ಟಿಪ್ಪಣಿಯೂ ಹಾಜರಿಯೂ ಅದೇ ಫೋನಿನೊಳಕ್ಕೆ ಹೋದವು.

ರಾತ್ರಿಯ ಗಡುವಿನ ಪ್ರಶ್ನೆ ಕಲ್ಲಿಕೋಟೆಯಿಂದಲೇ ಮತ್ತೊಮ್ಮೆ ಹೈಕೋರ್ಟಿಗೆ ಬಂತು. ರಾತ್ರಿ ಒಂಬತ್ತೂವರೆಯ ಬಳಿಕ ಹಾಸ್ಟೆಲ್ ಬಿಟ್ಟು ಹೊರಹೋಗಬಾರದೆಂಬ 2019ರ ಸರ್ಕಾರಿ ಆದೇಶವನ್ನು 2022ರಲ್ಲಿ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು ಪ್ರಶ್ನಿಸಿದರು. ಮಿದುಳು ಪೂರ್ತಿ ಬಲಿಯುವುದು ಇಪ್ಪತ್ತೈದರ ಹೊತ್ತಿಗೆ, ಹದಿನೆಂಟಕ್ಕೆ ಪೂರ್ಣ ಸ್ವಾತಂತ್ರ್ಯ ಕೊಡುವುದು ಒಳ್ಳೆಯದಲ್ಲ ಎಂದು ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ ನ್ಯಾಯಾಲಯದಲ್ಲಿ ವಾದಿಸಿತು. ನಾಳೆ ರಾತ್ರಿಪಾಳಿಯಲ್ಲಿ ರೋಗಿಗಳ ಜೀವ ಕಾಯಬೇಕಾದವರ ಬಗ್ಗೆ ಹೀಗೆ ವಾದಿಸಿದ್ದು ಬೇಸರದ ಸಂಗತಿ. ಸಮಸ್ಯೆ ಉಂಟುಮಾಡುವವರು ಗಂಡಸರಾದರೆ ಬೀಗ ಅವರಿಗೆ ಹಾಕಬೇಕಲ್ಲವೇ ಎಂದು ನ್ಯಾಯಮೂರ್ತಿ ದೇವನ್ ರಾಮಚಂದ್ರನ್ ವಿಚಾರಣೆಯ ವೇಳೆ ಕೇಳಿದರು. ಡಿಸೆಂಬರ್ 6ರಂದು ಸರ್ಕಾರ ಹೊಸ ಆದೇಶ ಹೊರಡಿಸಿ ಗಡುವನ್ನು ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಮಾಡಿತು. ಎರಡನೆಯ ವರ್ಷದಿಂದ ಮೇಲಿನವರು ಗುರುತಿನ ಚೀಟಿ ತೋರಿಸಿ, ಗೇಟಿನ ಪುಸ್ತಕದಲ್ಲಿ ಸಮಯ ಬರೆದು, ಒಂಬತ್ತೂವರೆಯ ನಂತರವೂ ಒಳಬರಬಹುದು. ಮೊದಲ ವರ್ಷದವರು ತಡವಾಗಿ ಬಂದರೆ ಮಾತ್ರ ಪೋಷಕರ ಅನುಮತಿ ಬೇಕು. ಅವರಲ್ಲಿ ಹೆಚ್ಚಿನವರಿಗೆ ಅಷ್ಟು ಹೊತ್ತಿಗೆ ಹದಿನೆಂಟು ತುಂಬಿರುತ್ತದೆ.